ಆಟವೊಂದನ್ನು ಬಿಟ್ಟು ಮಿಕ್ಕಿದ್ದು ತೆಗೆಯಿರಿ

ಬೇಡದ್ದನ್ನು ತೆಗೆಯಲು ಕೂತವರ ಕೈಯಲ್ಲಿ ಬೇಕಾದ್ದೇ ಮೊದಲು ಹೋಗುತ್ತದೆ. ಅಟ್ಟ ಗುಡಿಸುವಾಗಲೂ ಅಷ್ಟೆ, ಕಂಪ್ಯೂಟರಿನಲ್ಲೂ ಅಷ್ಟೆ. ನನ್ನ ಹೆಂಡತಿ ಬಳಸುತ್ತಿದ್ದ ಲಿನಕ್ಸ್ ಲ್ಯಾಪ್‌ಟಾಪನ್ನು, ಅವಳು ತೀರಿಕೊಂಡ ಮೇಲೆ, ನಾನು ಪಾಠ ಮಾಡುವ ತರಗತಿಗೆ ಒಯ್ಯೋಣವೆಂದುಕೊಂಡೆ. ತೆರೆದರೆ 'ಜಾಗವಿಲ್ಲ' ಎಂದು ಒಂದೇ ಹಟ. ಬೇಡದ ತಂತ್ರಾಂಶಗಳನ್ನು ತೆಗೆಯಲೇಬೇಕಿತ್ತು. ಆದರೆ ಬಿಲ್ಲೆಗಳನ್ನು ಜೋಡಿ ಮಾಡುವ ಒಂದು ಆಟವಿದೆ. ಅದರ ಅಂಕಪಟ್ಟಿಯಲ್ಲಿ ಮೇಲಿಂದ ಕೆಳಗಿನವರೆಗೆ ಅವಳದೇ ಹೆಸರು. ಅದು ಮಾತ್ರ ಹೋಗಕೂಡದು.

ಹಾಸನದ ಅಂಗಡಿ

ಮೊದಲು ಹಾಸನದ ರಿಪೇರಿ ಅಂಗಡಿಗೆ ಹೋದೆ.

"ಎಲ್ಲಾ ಒರೆಸಿ ಹೊಸದಾಗಿ ಹಾಕ್ಬುಡ್ತೀನಿ ಸಾ," ಎಂದ ಅಂಗಡಿಯವನು.

"ಒರೆಸಬೇಡಿ. ಆಟ ಉಳೀಬೇಕು."

ಅವನು ನನ್ನ ನರೆಗೂದಲನ್ನೊಮ್ಮೆ ನೋಡಿದ. "ಆಟ ಎಷ್ಟು ಬೇಕಾದ್ರೂ ಪುಕ್ಕಟೆ ಸಿಗ್ತವೆ ಸಾ."

"ಅದರೊಳಗಿನ ಅಂಕ ಸಿಗಲ್ಲವಲ್ಲ."

"ಅಂಕ ಹೋಗೋ ಭಯ ಮೇಷ್ಟ್ರಿಗೂ ಇರ್ತದೆ ಅಂತ ಇವತ್ತೇ ಗೊತ್ತಾಗಿದ್ದು!"

ತಾವಾಗಿ ಬಂದವರು

ನಾನೇ ಮಾಡುವುದೆಂದು ಹೊಳೆನರಸೀಪುರದ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಕೂತೆ. ಅರಕಲಗೂಡಿನಿಂದ ಡೆಪ್ಯುಟೇಷನ್ ಮೇಲೆ ಬಂದ ಪಿ.ಟಿ. ಮೇಷ್ಟ್ರು ನನ್ನ ಭುಜದ ಹಿಂದೆ ನಿಂತರು. ಯಂತ್ರ ಒಂದಷ್ಟು ತಂತ್ರಾಂಶಗಳ ಹೆಸರು ತೋರಿಸಿ ಇಂಗ್ಲಿಷಿನಲ್ಲಿ ಏನೋ ಹೇಳಿತು.

"ಏನಂತೆ ಸಾ?"

"ಇವೆಲ್ಲ ಬೇರೆಯವುಗಳ ಜೊತೆ ತಾವಾಗಿ ಬಂದವಂತೆ. ಈಗ ಯಾರಿಗೂ ಬೇಕಾಗಿಲ್ಲವಂತೆ."

"ನನ್ನ ವಿಚಾರ ಅದಕ್ಯಾರು ಹೇಳಿದ್ರು?"

ನಾನು 'ಸರಿ' ಒತ್ತಿದೆ. ಹೆಸರುಗಳು ಒಂದೊಂದಾಗಿ ಹೋದವು. ಮೇಷ್ಟ್ರು ನಿಟ್ಟುಸಿರುಬಿಟ್ಟರು. "ಪುಣ್ಯವಂತರು. ಅಂಗೇ ನನ್ನೂ ಒಂದು ಗುಂಡಿ ಒತ್ತಿ ಅರಕಲಗೂಡಿಗೆ ಕಳಿಸ್ಬುಡಿ ಸಾ."

ಕರಿಹಲಗೆ

ಜಾಗ ಇನ್ನೂ ಸಾಲದು. ಅಷ್ಟರಲ್ಲಿ ಬೆಲ್ ಆಯಿತು, ನಾನು ತರಗತಿಗೆ ಹೋದೆ. ಪಿ.ಟಿ. ಮೇಷ್ಟ್ರು ಉಪಕಾರಕ್ಕಿಳಿದರು. ಮನೆಯಲ್ಲಿ ಪ್ರಿಂಟರ್ ಇಲ್ಲದವರಿಗೆ ಪ್ರಿಂಟರಿನ ತಂತ್ರಾಂಶ ಯಾಕೆ ಎಂದು ಅದನ್ನು ತೆಗೆಯಲು ಯಂತ್ರಕ್ಕೆ ಹೇಳಿದ್ದಾರೆ. ಅದರೊಂದಿಗೆ ಇನ್ನೂ ಏನೇನು ಹೋಗುತ್ತದೆಂದು ಯಂತ್ರ ಉದ್ದಕ್ಕೆ ಹೇಳಿದೆ. ಇವರು ಓದದೆ 'ಸರಿ' ಒತ್ತಿದ್ದಾರೆ.

ಮದುವೆಗೆ ಒಬ್ಬ ಮಾವನನ್ನು ಕರೆಯದಿದ್ದರೆ ಅವರ ಕಡೆಯ ಬಸ್ಸೇ ಬರುವುದಿಲ್ಲವಲ್ಲ, ಹಾಗೆ ಪ್ರಿಂಟರನ್ನು ನೆಚ್ಚಿದ್ದವೆಲ್ಲ ಎದ್ದುಹೋದವು. ಚಿತ್ರಗಳಿಲ್ಲ, ಕಿಟಕಿಗಳಿಲ್ಲ, ಆಟವೂ ಇಲ್ಲ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಮಾತ್ರ. ತರಗತಿ ಮುಗಿಸಿ ಬಂದ ನನಗೆ ಕಂಡದ್ದು ಇಷ್ಟೇ.

ಮೇಷ್ಟ್ರು ಮೆಲ್ಲಗೆ ಹೇಳಿದರು: "ಬೋರ್ಡು ಬಂದೈತೆ ಸಾ. ನೀವಿನ್ನು ಪಾಠ ಸುರು ಮಾಡ್ಬೌದು."

ಮೊದಲ ಸ್ಥಾನ

ಆ ಕಪ್ಪು ಪರದೆಯಲ್ಲೇ ಆದೇಶ ಬರೆದು, ಹೋದವನ್ನೆಲ್ಲ ಒಂದೊಂದಾಗಿ ವಾಪಸು ಕರೆಸಿದೆ. ಕೊನೆಗೆ ಆಟವನ್ನೂ. ತೆರೆದರೆ ಅವಳ ಹೆಸರು ಇದ್ದಲ್ಲೇ ಇತ್ತು. ತಂತ್ರಾಂಶ ತೆಗೆದರೂ ಆಡಿದವರ ಅಂಕಗಳು ಬೇರೆ ಕಡೆ ಉಳಿದಿರುತ್ತವೆಂದು ನನಗೆ ತಿಳಿದಿರಲಿಲ್ಲ.

ಚನ್ನರಾಯಪಟ್ಟಣದಿಂದ ಅತ್ತೆ, ಅವಳ ತಾಯಿ, ಬಂದಿದ್ದರು. ತೋರಿಸಿದೆ.

"ಎಲ್ಲಾ ಅವಳೇಯಾ? ಮೋಸ ಕಣ್ರೀ. ಚೌಕಾಬಾರದಾಗೂ ಕಾಯಿ ಸರಿಸೋಳು," ಎಂದು ತಾವೇ ಆಡಲು ಕೂತರು. ಆಮೇಲೆ ದಿನಾ ಮಧ್ಯಾಹ್ನ ಅದೇ ಕೆಲಸ. ನಡುನಡುವೆ 'ಸುಳಿವು' ಗುಂಡಿ ಒತ್ತುವುದು ಕಂಡಿತು.

"ಇದು ಮೋಸ ಅಲ್ವಾ ಅತ್ತೆ?"

"ಅವಳಿಗೆ ಕಲಿಸಿದೋರು ಯಾರು ಅಂದ್ಕೊಂಡ್ರಿ?"

ಒಂದು ದಿನ ಗೆದ್ದೇಬಿಟ್ಟರು. ಮೊದಲ ಸ್ಥಾನ. ಗೆದ್ದವರ ಹೆಸರು ಬರೆಯಿರಿ ಎಂದಿತು ಯಂತ್ರ. ಇವರದು ಬರೆದರೆ ಅವಳು ಎರಡನೆಯವಳಾಗುತ್ತಾಳೆ. ಬರೆದುಕೊಡಲು ಕೂತ ನಾನು ಕೇಳಿದೆ:

"ಇದನ್ನೂ ಅವಳ ಹೆಸರಿಗೇ ಬರೀಲಾ ಅತ್ತೆ?"

"ಯಾಕೆ? ಗೆದ್ದೋಳು ನಾನು," ಎಂದರು, ಪರದೆಯಿಂದ ಕಣ್ಣು ತೆಗೆಯದೆ. "ನಂದೇ ಬರೀರಿ ಅಳಿಯಂದ್ರೇ. ಹೊಟ್ಟೆ ಉರುದ್ರೆ ಎದ್ದು ಬಂದು ಆಡ್ಲಿ!"