ಜಿಂಕೆಯ ಕೊಂಬಿಗೆ ರವಿಕೆಯ ಅಳತೆ

ಅನಘಾ, ಪ್ರಣವ, ದಿಯಾ, ನಿಮ್ಮ ಅಜ್ಜಿ ಒಮ್ಮೆ ಜಿಂಕೆ ಬೇಟೆಯ ವಿಚಾರದಲ್ಲಿ ಕೈಹಾಕಿ, ಒಬ್ಬ ಮುದುಕರ ಮರ್ಯಾದೆ ಕಳೆಯುವ ಹಂತಕ್ಕೆ ತಂದಿದ್ದಳು ಎಂದರೆ ನೀವು ನಂಬುವುದಿಲ್ಲ. ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದವಳು ನಾನು. ಆದರೆ ಹೋದ ಭಾನುವಾರ ವಿಡಿಯೊ ಕಾಲಿನಲ್ಲಿ ಅನಘಾ ತನ್ನ ಶಾಲೆಯ ಚರ್ಚಾಸ್ಪರ್ಧೆಯ ವಿಷಯ ಹೇಳಿದಾಗ ನನಗೆ ಅದೆಲ್ಲ ನೆನಪಾಯಿತು. ಬೇಟೆಗಾರರು ತಾವು ಹೊಡೆದ ಪ್ರಾಣಿಯ ಕೊಂಬನ್ನು ಅಧಿಕೃತವಾಗಿ ಅಳೆಸಿ ಅಂಕ ಪಡೆಯಬೇಕೇ, ಬೇಡವೇ? ಅಡಿಲೇಡಿನಿಂದ ದಿಯಾ, ಅಳೆಯುವುದಿರಲಿ, ಹೊಡೆಯುವುದೇ ಅಸಹ್ಯ ಎಂದು ಮುಖ ಸಿಂಡರಿಸಿದಳು. ಇಲ್ಲಿ ಪರ್ತ್‌ನಲ್ಲಿ ನನ್ನ ಪಕ್ಕ ಕೂತಿದ್ದ ಪ್ರಣವ, ಅಳೆಸದಿದ್ದರೆ ಎಲ್ಲರೂ ತಮ್ಮದೇ ದೊಡ್ಡದು ಅಂತಾರೆ, ಯಾರನ್ನು ನಂಬೋದು ಎಂದ. ಕೊನೆಗೆ ಅನಘಾ, "ವಾಟ್ ಡು ಯು ರೆಕನ್, ಅಜ್ಜಿ?" ಎಂದಳು. ನಾನು "ನಂಗೇನು ಗೊತ್ತಮ್ಮಾ" ಎಂದು ಎದ್ದು ಅಕ್ಕಿ ತೊಳೆಯಲು ಹೋದೆ. ತೊಳೆದಿಟ್ಟ ಅಕ್ಕಿಯನ್ನೇ ಇನ್ನೊಂದು ಸಲ ತೊಳೆದೆ. ಮೂರು ಮುಖ ಒಟ್ಟಿಗೆ ನನ್ನತ್ತ ತಿರುಗಿದರೆ, ಅದು ಫೋನಿನೊಳಗಾದರೂ ಸರಿ, ನನಗೆ ಮಾತು ಹೊರಡುವುದಿಲ್ಲ. ನಿಜ ಹೇಳಬೇಕೆಂದರೆ, ಆ ವಿಷಯದಲ್ಲಿ ನಿಮ್ಮೆಲ್ಲರಿಗಿಂತ ನನಗೇ ಹೆಚ್ಚು ಗೊತ್ತಿತ್ತು.

ಬ್ರಿಸ್ಬೇನಿನ ಕ್ಯಾಲಮ್‌ವೇಲ್‌ನಲ್ಲಿ ಅನಘಾಳ ಮನೆಯ ಪಕ್ಕದಲ್ಲಿ ಕೆವಿನ್ ಎನ್ನುವವರಿದ್ದಾರೆ. ಎಪ್ಪತ್ತನಾಲ್ಕು ವರ್ಷ, ಲಾರಿ ಓಡಿಸಿ ನಿವೃತ್ತರಾದವರು, ಹೆಂಡತಿ ಇಲ್ಲ. ನೀವು ನನ್ನನ್ನು ಕರೆಯುವುದನ್ನು ಕೇಳಿ ಕೇಳಿ ಅದೇ ನನ್ನ ಹೆಸರೆಂದು ತಿಳಿದು ಅವರೂ "ಆಜಿ" ಅನ್ನುತ್ತಾರೆ. ನನಗಿಂತ ಆರು ವರ್ಷ ದೊಡ್ಡವರಿಂದ ಅಜ್ಜಿ ಅನ್ನಿಸಿಕೊಳ್ಳುವ ಭಾಗ್ಯ ಎಷ್ಟು ಜನಕ್ಕಿದೆಯೋ ಕಾಣೆ. ತಿದ್ದೋಣವೆಂದರೆ ನನ್ನ ನಿಜವಾದ ಹೆಸರನ್ನು ಹೇಳಬೇಕಾಗುತ್ತದೆ, ಅದಕ್ಕೆ ನಾಚಿಕೆ. ಹಾಗೇ ಬಿಟ್ಟುಬಿಟ್ಟೆ. ನಮ್ಮಿಬ್ಬರದು ಬೇಲಿಯ ಮೇಲಿನ ಸ್ನೇಹ: ಅವರು ನಿಂಬೆಹಣ್ಣು ಕೊಡುತ್ತಾರೆ, ನಾನು ಚಿತ್ರಾನ್ನ ಕೊಡುತ್ತೇನೆ.

ಹೋದ ನವೆಂಬರಿನಲ್ಲಿ ನಾನು ಅನಘಾಳ ಮನೆಯಲ್ಲಿದ್ದಾಗ ಒಂದು ದಿನ ಹಿಂದಿನ ಅಂಗಳದಲ್ಲಿ ಪರಿಚಯದ ಹುಡುಗಿಯೊಬ್ಬಳಿಗೆ ರವಿಕೆಯ ಅಳತೆ ತೆಗೆಯುತ್ತಿದ್ದೆ. ಕೆವಿನ್ ಬೇಲಿಯಾಚೆಯಿಂದ ತುಂಬಾ ಹೊತ್ತು ನೋಡಿದರು. ಹುಡುಗಿ ಹೋದ ಮೇಲೆ, "ಆಜಿ, ಟೇಪ್ ಹಿಡಿದರೆ ನಿನ್ನ ಕೈ ಸ್ವಲ್ಪವೂ ನಡುಗಲ್ಲವಲ್ಲ! ಈ ಮಧ್ಯಾಹ್ನ ಬಿಡುವಿದ್ದರೆ ನನ್ನ ಗ್ಯಾರೇಜಿಗೆ ಬರ್ತೀಯಾ? ಒಬ್ಬರನ್ನು ಅಳೆಯಬೇಕಿತ್ತು" ಎಂದರು. ಅವರ ಕೈ ಎರಡು ವರ್ಷದಿಂದ ನಡುಗುತ್ತದೆ, ಚಹಾದ ಲೋಟವನ್ನೂ ಎರಡು ಕೈಯಲ್ಲಿ ಹಿಡಿಯುತ್ತಾರೆ. ಯಾರೋ ಮೊಮ್ಮಗಳಿಗೆ ಗೌನು ಇರಬೇಕೆಂದು ಟೇಪು, ಪೆನ್ಸಿಲು, ನೋಟುಪುಸ್ತಕ ಹಿಡಿದು ಹೋದೆ. ಅಲ್ಲಿ ಮೇಜಿನ ಮೇಲೆ ಮರದ ಹಲಗೆಗೆ ಬಿಗಿದ ಒಂದು ತಲೆಬುರುಡೆ, ಅದರಿಂದ ಎರಡೂ ಕಡೆಗೆ ಮರದ ಕೊಂಬೆಯಂತೆ ಕವಲೊಡೆದು ಹೋದ ಕೊಂಬುಗಳು. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಮನಸ್ಸಿನಲ್ಲೇ ಆ ಜಿಂಕೆಗೆ ಕೈಮುಗಿದೆ, ಕ್ಷಮಿಸಪ್ಪಾ ಎಂದೆ. ಅದನ್ನು ಹೊಡೆದವರು ಅವರು, ಕ್ಷಮೆ ಕೇಳಿದವಳು ನಾನು, ಆದರೂ ಕೇಳಿದ ಮೇಲೆ ಸ್ವಲ್ಪ ಧೈರ್ಯ ಬಂತು.

ಕೆವಿನ್ ಎಲ್ಲವನ್ನೂ ಹೇಳಿದರು. ಏಪ್ರಿಲಿನಲ್ಲಿ ಹೊಡೆದದ್ದು, ಮುದಿ ಗಂಡು, ಮಾಂಸವನ್ನು ಚಳಿಗಾಲವೆಲ್ಲ ತಿಂದಿದ್ದಾರೆ, ಒಂದು ಚೂರೂ ಎಸೆದಿಲ್ಲ. ಅವರ ಅಣ್ಣ ರಾಸ್ ಎನ್ನುವವರು ಅಡಿಲೇಡಿನ ಗ್ಲೆನೆಲ್ಗ್‌ನಲ್ಲಿದ್ದಾರೆ. ಅವರ ಹಜಾರದ ಗೋಡೆಯ ಮೇಲೆ ಇದೇ ಜಾತಿಯ ಕೊಂಬು, ಅದರ ಕೆಳಗೆ ಚೌಕಟ್ಟು ಹಾಕಿದ ಅಧಿಕೃತ ಅಂಕದ ಸರ್ಟಿಫಿಕೇಟು. ಮೂವತ್ತು ವರ್ಷದಿಂದ ಪ್ರತಿ ಕ್ರಿಸ್‌ಮಸ್‌ನಲ್ಲೂ ಊಟಕ್ಕೆ ಮುಂಚೆ ಅಣ್ಣ ಆ ಸರ್ಟಿಫಿಕೇಟನ್ನು ಗಟ್ಟಿಯಾಗಿ ಓದುತ್ತಾರಂತೆ, ನಮ್ಮಲ್ಲಿ ಸಂಕಲ್ಪ ಹೇಳಿದ ಹಾಗೆ. ಈಗ ಅಣ್ಣನಿಗೆ ಮಂಡಿ ಹೋಗಿದೆ, ಜನವರಿಯಲ್ಲಿ ಮನೆ ಬಿಟ್ಟು ವೃದ್ಧರ ವಸತಿಗೆ ಹೋಗುತ್ತಾರೆ. ಆ ಹಜಾರದಲ್ಲಿ ಇದೇ ಕೊನೆಯ ಕ್ರಿಸ್‌ಮಸ್. "ಒಂದೇ ಒಂದು ಸಲ ನಾನು ಗೆಲ್ಲಬೇಕು ಆಜಿ" ಎಂದರು. ಅದನ್ನು ಹೇಳುವಾಗ ಎಪ್ಪತ್ತನಾಲ್ಕು ವರ್ಷದವರ ಮುಖ ಏಳು ವರ್ಷದ್ದಾಗಿತ್ತು. ಅಧಿಕೃತವಾಗಿ ಅಳೆಸುವ ಮುಂಚೆ ಒಂದು ಅಂದಾಜು ಸಿಗಲಿ ಎಂದು ನನ್ನನ್ನು ಕರೆದದ್ದು.

ಅಳೆದೆ. ಒಂದೊಂದು ಕೊಂಬಿನ ಉದ್ದ, ಬುಡದ ಸುತ್ತಳತೆ, ನಡುವಿನ ಸುತ್ತಳತೆ, ಪ್ರತಿ ಕವಲಿನ ಉದ್ದ, ಎರಡರ ನಡುವಿನ ಅಗಲ, ಒಟ್ಟು ಇಪ್ಪತ್ತೆಂಟು ಅಳತೆ. ಒಂದು ಇಂಚಿಗೆ ಒಂದು ಪಾಯಿಂಟ್. ಎಡದ ಕೊಂಬಿಗೂ ಬಲದ್ದಕ್ಕೂ ವ್ಯತ್ಯಾಸವಿದ್ದರೆ ಅಷ್ಟು ಕಡಿತ. ಅದು ಮಾತ್ರ ನನಗೆ ಸರಿಬರಲಿಲ್ಲ. ನಲವತ್ತು ವರ್ಷ ರವಿಕೆ ಹೊಲಿದಿದ್ದೇನೆ, ಎಡಭುಜ ಬಲಭುಜ ಒಂದೇ ಸಮ ಇರುವ ಹೆಂಗಸನ್ನು ಇನ್ನೂ ಕಂಡಿಲ್ಲ. ದೇವರೇ ಸಮ ಮಾಡದ್ದಕ್ಕೆ ಜಿಂಕೆಗೇಕೆ ದಂಡ? "ರೂಲ್ಸ್ ಆಜಿ, ರೂಲ್ಸ್" ಎಂದರು. ನಿಮ್ಮ ತಾತ ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದರಲ್ಲ, ಹಸುವಿನ ಕೊಂಬಿನ ಬಳೆ ಎಣಿಸಿ ಎಷ್ಟು ಕರು ಹಾಕಿದೆ ಎಂದು ಹೇಳುತ್ತಿದ್ದರು. ಅದನ್ನು ಹೇಳಿದೆ. ಕೆವಿನ್ ಅದಕ್ಕಿಂತ ಚೆನ್ನಾದದ್ದು ಹೇಳಿದರು: ಜಿಂಕೆಯ ಕೊಂಬು ಪ್ರತಿ ವರ್ಷ ತಾನಾಗಿ ಉದುರಿ ಹೋಗುತ್ತದಂತೆ, ಮತ್ತೆ ಹೊಸದು ಬರುತ್ತದಂತೆ. ಎಂಥಾ ಪ್ರಾಣಿ! ಇಷ್ಟು ದೊಡ್ಡ ಕಿರೀಟವನ್ನು ಪೊದೆಯಲ್ಲಿ ಬೀಳಿಸಿ, ಹಿಂದಿರುಗಿ ನೋಡದೆ ಹೋಗುತ್ತದೆ. ಅದಕ್ಕೆ ಬೇಡವಾದದ್ದಕ್ಕೆ ಇಬ್ಬರು ಅಣ್ಣತಮ್ಮಂದಿರು ಮೂವತ್ತು ವರ್ಷ ಜಗಳವಾಡಿದ್ದಾರೆ.

ನಾನು ಬರೆದ ಅಂಕಿಗಳನ್ನು ಕೆವಿನ್ ಕೂಡಿ ಕಳೆದರು. ಇನ್ನೊಂದು ಸಲ ಕೂಡಿದರು. ಅಣ್ಣನದಕ್ಕಿಂತ ಒಂಬತ್ತು ಪಾಯಿಂಟ್ ಹೆಚ್ಚು! ನನ್ನ ಎದುರಿಗೇ ಅಡಿಲೇಡಿಗೆ ಫೋನು ಮಾಡಿ, "ರಾಸ್, ಗೋಡೆ ಖಾಲಿ ಮಾಡು, ಬರ್ತಾ ಇದ್ದೀನಿ" ಎಂದು ಕೂಗಿದರು. ನನಗೆ ಒಂದು ಚೀಲ ನಿಂಬೆಹಣ್ಣು ಕೊಟ್ಟರು. ಬೇಲಿ ದಾಟಿ ಬರುವಾಗ ನಾನೇ ಜಿಂಕೆ ಹೊಡೆದು ಬಂದ ಹಾಗೆ ನಡೆದೆ.

ಮರುದಿನ ಬೆಳಿಗ್ಗೆ ಆ ಹುಡುಗಿಯ ರವಿಕೆಗೆ ಬಟ್ಟೆ ಕತ್ತರಿಸಲು ಕೂತಾಗ ನನ್ನ ಕತ್ತರಿ ನಿಂತಿತು. ನನಗೆ ಹೊಲಿಗೆ ಕಲಿಸಿದ್ದು ನಮ್ಮೂರಿನ ಸರೋಜಮ್ಮ. ಆಕೆ ಮೈಯ ಅಳತೆಯನ್ನು ಹಾಗೇ ಬರೆಯಲು ಬಿಡುತ್ತಿರಲಿಲ್ಲ. "ಮೈಗೆ ಸರಿಯಾಗಿ ಬರೆದರೆ ಉಸಿರು ಬಿಟ್ಟಾಗ ಗುಂಡಿ ಹಾರುತ್ತೆ ಕಣೇ, ಹೊಲಿಗೆಗೆ ಅರ್ಧ ಇಂಚು ಸೇರಿಸಿಯೇ ಬರಿ" ಎಂದು ತಲೆಗೆ ಮೊಟಕಿ ಕಲಿಸಿದ್ದಳು. ನಲವತ್ತು ವರ್ಷದಿಂದ ನನ್ನ ಕಣ್ಣು ಒಂದು ಅಂಕಿ ನೋಡಿದರೆ ಕೈ ಇನ್ನೊಂದು ಬರೆಯುತ್ತದೆ. ನಡುವೆ ನಾನು ಯೋಚಿಸುವುದೇ ಇಲ್ಲ. ಹಾಗಾದರೆ ನಿನ್ನೆ? ಇಪ್ಪತ್ತೆಂಟು ಅಳತೆ, ಒಂದೊಂದಕ್ಕೂ ಅರ್ಧ ಇಂಚು. ಉಸಿರು ಬಿಡದ ಜಿಂಕೆಗೆ ನಾನು ಹದಿನಾಲ್ಕು ಇಂಚು ಸಡಿಲ ಬಿಟ್ಟಿದ್ದೆ!

ಮೂರು ದಿನ ಹಿಂದಿನ ಅಂಗಳಕ್ಕೆ ಹೋಗಲಿಲ್ಲ. ಬಟ್ಟೆಯನ್ನು ಬಚ್ಚಲಲ್ಲೇ ಒಣಗಿಸಿದೆ. "ಏನಮ್ಮಾ, ಹೊರಗೆ ಅಷ್ಟು ಬಿಸಿಲಿದೆಯಲ್ಲ?" ಎಂದು ಅನಘಾಳ ಅಮ್ಮ ಕೇಳಿದಳು. "ಬಣ್ಣ ಹೋಗುತ್ತೆ" ಎಂದೆ. ಒಣಗಿಸಿದ್ದು ಬಿಳಿ ಪಂಚೆ. ನಾಲ್ಕನೆಯ ದಿನ, ಕೆವಿನ್ ಅಧಿಕೃತ ಅಳತೆಗೆ ದಿನ ಗೊತ್ತುಮಾಡಿದ್ದಾರೆ ಎಂದು ಅಳಿಯ ಹೇಳಿದ. ಇನ್ನು ತಡೆಯಲಾಗಲಿಲ್ಲ. ಇಂಗ್ಲಿಷಿನಲ್ಲಿ ಹೇಳಬೇಕಾದದ್ದನ್ನು ಕನ್ನಡ ಅಕ್ಷರದಲ್ಲಿ ಚೀಟಿಗೆ ಬರೆದುಕೊಂಡು, ಹಳೆಯ ಒಂದು ರವಿಕೆಯನ್ನು ಒಳಮಗ್ಗುಲು ಹೊರಗೆ ಮಾಡಿ ಹಿಡಿದು ಗ್ಯಾರೇಜಿಗೆ ಹೋದೆ.

"ಕೆವಿನ್, ಮೈ ಮಿಸ್ಟೇಕ್" ಎಂದೆ. ಚೀಟಿಯಲ್ಲಿ ಇನ್ನೂ ನಾಲ್ಕು ವಾಕ್ಯ ಇದ್ದವು, ಒಂದೂ ಹೊರಡಲಿಲ್ಲ. ರವಿಕೆಯ ಒಳಗಿನ ಹೊಲಿಗೆ ತೋರಿಸಿದೆ, ಅಂಚಿನಲ್ಲಿ ಮಡಿಸಿದ ಅರ್ಧ ಇಂಚು ಬಟ್ಟೆ ತೋರಿಸಿದೆ, ಆಮೇಲೆ ಕೊಂಬು ತೋರಿಸಿದೆ. "ಬ್ಲೌಸ್ ಹ್ಯಾಬಿಟ್" ಎಂದೆ. ಅವರು ಒಮ್ಮೆ ರವಿಕೆ ನೋಡಿದರು, ಒಮ್ಮೆ ಕೊಂಬು ನೋಡಿದರು. ಅರ್ಥವಾಯಿತು. ಐಸ್ ಪೆಟ್ಟಿಗೆಯ ಮೇಲೆ ಕೂತು ಬೆರಳಲ್ಲಿ ಲೆಕ್ಕ ಹಾಕಿ, "ಹಾಗಾದರೆ ಐದು ಕಡಿಮೆ" ಎಂದರು. ಬೈದಿದ್ದರೆ ವಾಸಿಯಾಗಿತ್ತು. ನನ್ನ ಹಾಳೆಯನ್ನು ಕೈಗೆತ್ತಿಕೊಂಡು, "ಆಜಿ, ಅಳೆಸದೇ ಹೋದರೆ? ನೀನು ಬರೆದ ಹಾಳೆ ಇದೆ. ರಾಸ್‌ಗೆ ಕಣ್ಣು ಸರಿಯಿಲ್ಲ, ಟೇಪು ಹಿಡಿದು ನೋಡುವವನಲ್ಲ. ಒಂದು ಮಧ್ಯಾಹ್ನದ ಮಾತು" ಎಂದರು. ಆಮೇಲೆ ನನ್ನ ಮುಖ ನೋಡಿ, "ನೀನೇ ಹೇಳು. ಅಳೆಸಲೋ ಬೇಡವೋ?"

ನೋಡಿ ಮಕ್ಕಳೇ, ನೀವು ಭಾನುವಾರ ಕೇಳಿದ್ದೂ ಅದನ್ನೇ. ನಿಮಗೆ ಅದು ಚರ್ಚಾಸ್ಪರ್ಧೆ. ಅಲ್ಲಿ ಒಬ್ಬರು ಅದರ ಮೇಲೆ ಕೊನೆಯ ಕ್ರಿಸ್‌ಮಸ್ ಇಟ್ಟುಕೊಂಡು ಕೂತಿದ್ದರು, ಮತ್ತು ಎದ್ದು ಹೋಗಲು ಅಕ್ಕಿಯೂ ಇರಲಿಲ್ಲ. ಆಗ ನಾನು ನಿಮ್ಮ ಅಮ್ಮ ಅಪ್ಪಂದಿರಿಗೂ ಹೇಳದ ಒಂದು ವಿಷಯವನ್ನು, ನನ್ನ ಹರಕು ಇಂಗ್ಲಿಷಿನಲ್ಲಿ ಕೆವಿನ್‌ಗೆ ಹೇಳಿದೆ. ನಾನು ಏಳನೇ ತರಗತಿ ಪರೀಕ್ಷೆ ಬರೆದ ವರ್ಷ ನಮ್ಮಪ್ಪ ಹಾಸಿಗೆ ಹಿಡಿದಿದ್ದರು. ನಮ್ಮ ಹೆಡ್‌ಮಾಸ್ತರು ಒಳ್ಳೆಯವರು, ಪಾಪದ ಹುಡುಗಿ ಎಂದು ಗಣಿತದಲ್ಲಿ ನಂಬರು ಸೇರಿಸಿ ಫಸ್ಟ್ ಕ್ಲಾಸು ಮಾಡಿದರು. ನನಗೆ ಗೊತ್ತಾಗಿದ್ದು ಹೇಗೆಂದರೆ, ಎರಡು ಲೆಕ್ಕ ನಾನು ಮುಟ್ಟಿಯೇ ಇರಲಿಲ್ಲ. ಊರೆಲ್ಲ ಹೊಗಳಿತು. ಯಾರು ಹೊಗಳಿದರೂ ನಾನು ಒಳಗೆ ಎದ್ದು ಹೋಗುತ್ತಿದ್ದೆ, ಎಲ್ಲರೂ ಎಷ್ಟು ಸಂಕೋಚದ ಹುಡುಗಿ ಎಂದುಕೊಂಡರು. ಹಾಗೆ ಎದ್ದು ಹೋಗುವುದೇ ಅಭ್ಯಾಸವಾಯಿತು. ಇವತ್ತಿಗೂ ನನ್ನ ನಿಜವಾದ ನಂಬರು ಎಷ್ಟೆಂದು ನನಗೆ ತಿಳಿಯದು. "ಸೋ, ಅಳೆಸಿ" ಎಂದೆ. "ಸೋತರೂ ಆ ನಂಬರು ನಿಮ್ಮದು. ಈ ಹಾಳೆಯಲ್ಲಿರೋದು ನನ್ನದು." ಕೆವಿನ್ ನಾನು ಬರೆದ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಕಸದ ಬುಟ್ಟಿಗೆ ಹಾಕಿದರು. ನನಗೆ ಬೇಜಾರಾಯಿತು, ಅಕ್ಷರ ಚೆನ್ನಾಗಿ ಬಂದಿತ್ತು.

ಅಧಿಕೃತ ಅಳತೆಯವರು ಬ್ರಿಸ್ಬೇನಿನದೇ ಟೂವಾಂಗ್ ಬಡಾವಣೆಯಲ್ಲಿದ್ದ ಮಾರ್ಗರೆಟ್, ಗಣಿತದ ಟೀಚರಾಗಿ ನಿವೃತ್ತರಾದ ಹೆಂಗಸು. ಒಬ್ಬರೇ ಹೋಗಲು ಕೆವಿನ್‌ಗೆ ಧೈರ್ಯವಿಲ್ಲ, ತಪ್ಪು ಮಾಡಿದ ನನಗೆ ಬರುವುದಿಲ್ಲ ಎನ್ನಲು ಮುಖವಿಲ್ಲ. ಕೆವಿನ್‌ರ ಕಾರಿನಲ್ಲಿ ಮುಂದೆ ನಾನು, ಹಿಂದಿನ ಸೀಟಿನಲ್ಲಿ ಸೀಟ್ ಬೆಲ್ಟ್ ಹಾಕಿಕೊಂಡ ಜಿಂಕೆ. ಸಿಗ್ನಲ್ಲಿನಲ್ಲಿ ಪಕ್ಕದ ಕಾರಿನವರು ಮೊದಲು ಕೊಂಬು ನೋಡಿ, ಆಮೇಲೆ ಹತ್ತಿ ಸೀರೆಯ ನನ್ನನ್ನು ನೋಡಿ, ಯಾವುದನ್ನು ಯಾರು ಹೊಡೆದರೆಂದು ತಿಳಿಯದೆ ಕಿಟಕಿ ಏರಿಸಿದರು. ಮಾರ್ಗರೆಟ್ ಉಕ್ಕಿನ ಟೇಪು ತೆಗೆದು, ಅದರ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟರು. ಒಂದೊಂದು ಅಳತೆಯನ್ನೂ ಎರಡೆರಡು ಸಲ. ಯಾರ ಮೇಲೂ ಕರುಣೆಯಿಲ್ಲ, ಯಾರ ಮೇಲೂ ಸಿಟ್ಟಿಲ್ಲ. ನನಗೆ ಅದು ಹಿಡಿಸಿತು. ಬಡಪಾಯಿ ಜಿಂಕೆಯ ಓಟ, ಅದರ ವಯಸ್ಸು, ಅದು ಕಳೆದ ಚಳಿಗಾಲಗಳು ಯಾವುದೂ ಆ ಟೇಪಿಗೆ ಸಿಗುವುದಿಲ್ಲ, ನಿಜ. ಆದರೆ ಸಿಗುವಷ್ಟನ್ನು ಅದು ಸುಳ್ಳಿಲ್ಲದೆ ಹೇಳುತ್ತದೆ. ಕೊನೆಗೆ ಅಣ್ಣನದಕ್ಕಿಂತ ಐದೂಕಾಲು ಪಾಯಿಂಟ್ ಕಡಿಮೆ ಬಂತು.

ಕೆವಿನ್ ಕಾರಿನಲ್ಲಿ ಕೂತು ಸ್ಪೀಕರಿನಲ್ಲೇ ಅಣ್ಣನಿಗೆ ಫೋನು ಮಾಡಿದರು. "ಸೋತೆ ಕಣೋ. ಐದೂಕಾಲು." ಆ ಕಡೆಯಿಂದ ಒಂದು ದೊಡ್ಡ ನಗು, ಆಮೇಲೆ ಕೆಮ್ಮು. "ಅಗಲ ಎಷ್ಟು?" ಎಂದು ಕೇಳಿತು ಆ ದನಿ. ಕೆವಿನ್ ಹೇಳಿದರು. "ಹಾಗಾದರೆ ತಗೊಂಡು ಬಾರೋ ಪೆದ್ದಾ. ಹೊಸ ರೂಮಿನ ಬಾಗಿಲಲ್ಲಿ ನನ್ನದು ತೂರುವುದಿಲ್ಲ, ನಿನ್ನದು ತೂರುತ್ತೆ. ಒಂದು ಗೋಡೆ ಕೊಟ್ಟಿದ್ದಾರೆ, ಅದನ್ನು ಖಾಲಿ ಬಿಡಲಾ?" ಕೆವಿನ್ ಸ್ಟೀರಿಂಗಿನ ಮೇಲೆ ಎರಡು ಕೈಯಿಟ್ಟು ರಸ್ತೆಯನ್ನೇ ನೋಡುತ್ತಿದ್ದರು. ಕಾರು ಇನ್ನೂ ಹೊರಟಿರಲಿಲ್ಲ.

ಅನಘಾ, ನಿನ್ನ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ: ಹೊಡೆಯದಿದ್ದರೆ ಎಲ್ಲಕ್ಕಿಂತ ಒಳ್ಳೆಯದು. ಹೊಡೆದವರು ಅಳೆಸಲಿ, ಆದರೆ ಬೇರೆಯವರ ಕೈಯಲ್ಲಿ ಅಳೆಸಲಿ. ನಮ್ಮನ್ನು ಪ್ರೀತಿಸುವವರ ಟೇಪು ಯಾವಾಗಲೂ ಸ್ವಲ್ಪ ಉದಾರವಾಗಿರುತ್ತದೆ. ನಂಬರಿನ ಹುಚ್ಚು ಮಾತ್ರ ಕೆಟ್ಟದ್ದು, ಅದರ ಹಿಂದೆ ಹೋಗಬೇಡಿ ಎಂದೂ ಬರೆಯುತ್ತಿದ್ದೆ, ಆದರೆ ಇನ್ನೊಂದು ವಿಷಯ ಮುಚ್ಚಿಟ್ಟರೆ ಸರಿಯಾಗುವುದಿಲ್ಲ. ಅವತ್ತು ಟೂವಾಂಗ್‌ನಿಂದ ಹೊರಡುವಾಗ ನಾನು ಬಾಗಿಲವರೆಗೆ ಹೋದವಳು ತಿರುಗಿ ಬಂದು, ನನ್ನ ಅಳತೆಯಲ್ಲಿ ಆ ಹದಿನಾಲ್ಕನ್ನು ಕಳೆದರೆ ನಿಮ್ಮದಕ್ಕೂ ನನ್ನದಕ್ಕೂ ಎಷ್ಟು ವ್ಯತ್ಯಾಸ ಎಂದು ಮಾರ್ಗರೆಟ್‌ರನ್ನು ಕೇಳಿದೆ. ಅಪರಿಚಿತರೆದುರು ಯಾರೂ ಕೇಳದೆ ನಾನಾಗಿ ಬಾಯಿಬಿಟ್ಟಿದ್ದು ಜೀವನದಲ್ಲಿ ಅದೇ ಇರಬೇಕು. "ಕಾಲು ಪಾಯಿಂಟ್. ವೆರಿ ಗುಡ್" ಎಂದರು. ನಾನು, ಅದನ್ನು ಸ್ವಲ್ಪ ಬರೆದು ಸಹಿ ಹಾಕಿ ಕೊಡುತ್ತೀರಾ ಎಂದೆ. ಮಕ್ಕಳೇ, ಈ ಹಾಳೆಗಳನ್ನು ಜೋಪಾನವಾಗಿಡಿ. ಮೂವರಲ್ಲಿ ಒಬ್ಬರಾದರೂ ಕನ್ನಡ ಓದಲು ಕಲಿತ ಮೇಲೆ ಉಳಿದಿಬ್ಬರಿಗೆ ಓದಿ ಹೇಳಿ. ಹಾಳೆಗಳು ಕಳೆದೇ ಹೋದರೂ ಚಿಂತೆಯಿಲ್ಲ, ಇವಕ್ಕೆ ಪಿನ್ನು ಹಾಕಿರುವ ಆ ಸಹಿಯ ಚೀಟಿಯನ್ನು ಮಾತ್ರ ಕಳೆಯಬೇಡಿ.