ಅತ್ತೆಯ ಬಿಗೋನಿಯಾಗೆ ನನ್ನ ಪಂಚಾಮೃತ

ಗಿಡ ನೋಡಿಕೊಳ್ಳಲು ಬುದ್ಧಿ ಬೇಕೇ? ಬೇಡವೆಂದೇ ನಂಬಿದ್ದೆ. ಹೆಂಡತಿ ತನ್ನ ತಾಯಿಯನ್ನು ಕರೆತರಲು ಮೈಸೂರಿಗೆ ಹೊರಟಾಗ, ನಮ್ಮ ಜಯನಗರದ ಮನೆಯ ವರಾಂಡದಲ್ಲಿದ್ದ ಬಿಗೋನಿಯಾ ಕುಂಡ ತೋರಿಸಿದಳು.

"ರೀ, ಎಂಟು ದಿನ ಇದನ್ನ ನೋಡ್ಕೊಳ್ಳಿ. ಮೈಸೂರಿನ ಮನೇಲಿದ್ದ ಗಿಡ ಒಣಗೋಯ್ತು. ಅಮ್ಮಂಗೆ ಉಳಿದಿರೋದು ಇದೊಂದೇ."

ಆ ಗಿಡದ ವಂಶಚರಿತ್ರೆ ನನಗೆ ಅರ್ಧ ಗೊತ್ತಿತ್ತು. ಹಿಂದೆಂದೋ ಹೊರದೇಶದ ತೋಟಗಾರರು ಎರಡು ಜಾತಿಯ ಬಿಗೋನಿಯಾ ಕೂಡಿಸಿ ಹುಟ್ಟಿಸಿದ ಮಿಶ್ರತಳಿ. ಅತ್ತೆಯ ಅಜ್ಜಿಯ ಕಾಲದಿಂದ ಮನೆತನದಲ್ಲಿದೆ. ಹಪ್ಪಳದಂಥ ದುಂಡನೆ ಎಲೆ. ಮೇಲೆ ಎಣ್ಣೆ ಸವರಿದಂಥ ಹಸಿರು, ಕೆಳಗೆ ಬೀಟ್‌ರೂಟ್ ಕೆಂಪು. ಕಥೆಯ ಉಳಿದರ್ಧವನ್ನು ಅತ್ತೆ ಹೇಳುವಾಗಲೆಲ್ಲ ನಾನು ತೂಕಡಿಸುತ್ತಿದ್ದೆ.

ದೇವರ ಪೂಜೆಯೂ ನನ್ನ ಪಾಲಿಗೆ ಬಂದಿತ್ತು. ದಿನಾ ಪಂಚಾಮೃತದ ಅಭಿಷೇಕ ಮಾಡಿದೆ. ಅದನ್ನು ಯಾರೂ ತುಳಿಯಬಾರದಲ್ಲ! ಹಾಲು, ಮೊಸರು, ತುಪ್ಪ, ಜೇನು, ಸಕ್ಕರೆ ಎಲ್ಲವನ್ನೂ ಭಕ್ತಿಯಿಂದ ಬಿಗೋನಿಯಾ ಬುಡಕ್ಕೆ ಸುರಿದೆ. ಪುಣ್ಯಕ್ಕೆ ಪುಣ್ಯ, ಗೊಬ್ಬರಕ್ಕೆ ಗೊಬ್ಬರ!

ಐದನೆಯ ದಿನ ಇರುವೆ ಬಂದವು. ಆರನೆಯ ದಿನ ವಾಸನೆ ಬಂತು. ಏಳನೆಯ ದಿನ ಮಹಡಿ ಮನೆಯ ಮೇಡಂ ಮೂಗು ಮುಚ್ಚಿಕೊಂಡೇ ಇಳಿದು ಬಂದರು.

"ಏನ್ ಸಾರ್, ಮನೇಲಿ ಏನಾದ್ರೂ ಸತ್ತಿದ್ಯಾ?"

"ಇನ್ನೂ ಇಲ್ಲ ಮೇಡಂ. ನಾಳೆ ಅತ್ತೆ ಬರ್ತಾರೆ!"

ಎಂಟನೆಯ ದಿನ ಬೆಳಿಗ್ಗೆ ನೋಡಿದರೆ ಬುಡ ಕೊಳೆತು ಎಲೆಗಳೆಲ್ಲ ಉದುರಿದ್ದವು. ಸಾಕ್ಷಿ ಉಳಿಯಬಾರದೆಂದು ಗಿಡ, ಎಲೆ, ಮಣ್ಣು ಸಮಸ್ತವನ್ನೂ ಕಸದ ಆಟೋಗೆ ಸುರಿದೆ. ಆಟೋ ತಿರುವು ದಾಟುವಷ್ಟರಲ್ಲಿ ಗೇಟಿನ ಮುಂದೆ ಕ್ಯಾಬ್ ನಿಂತಿತು.

ಖಾಲಿ ಕುಂಡ ನೋಡಿ ಅತ್ತೆಯ ಕಣ್ಣು ತುಂಬಿತು. ನನಗೆ ನಿಜಕ್ಕೂ ಸಂಕಟವಾಯಿತು. ಪಂಚಾಮೃತದ ವಿಷಯ ಒಪ್ಪಿಕೊಂಡೆ.

"ಹೋಗ್ಲಿ ಬಿಡಿ ಅಳಿಯಂದ್ರೇ. ಉದುರಿದ ಎಲೆ ಎಲ್ಲಿ? ಒಂದೇ ಒಂದನ್ನ ತೊಟ್ಟಿನ ಸಮೇತ ನೆಟ್ರೂ ಹೊಸ ಗಿಡ ಬರತ್ತೆ. ನಮ್ಮಜ್ಜಿ ಕಾಲದಿಂದ ಹಾಗೇ ಉಳಿದು ಬಂದಿರೋದು. ನಿಮಗೆ ಎಷ್ಟ್ ಸಲ ಹೇಳಿದೀನಿ!"

ಕಥೆಯ ಉಳಿದರ್ಧ ಕಸದ ಆಟೋದಲ್ಲಿತ್ತು!

ಪಂಚೆ ಎತ್ತಿ ಕಟ್ಟಿ ಓಡಿದೆ. ಮೂರನೆಯ ಅಡ್ಡರಸ್ತೆಯಲ್ಲಿ ಆಟೋ ಸಿಕ್ಕಿತು.

"ಏನ್ ಸಾರ್, ಚಿನ್ನ ಏನಾದ್ರೂ ಬಿತ್ತಾ?" ಎಂದರು ಕಸ ತುಂಬುವಾಕೆ.

"ಎಲೆ, ಅಕ್ಕಾ, ಎಲೆ!"

ಹಸಿ ಕಸದೊಳಗೆ ಮೊಣಕೈವರೆಗೂ ಕೈ ತೂರಿಸಿ, ಹಳಸಿದ ಅನ್ನದಡಿಯಿಂದ ತೊಟ್ಟು ಗಟ್ಟಿಯಿದ್ದ ಒಂದೇ ಒಂದು ಎಲೆಯನ್ನು ಎಳೆದೆ. ಅತ್ತೆ ಅದನ್ನು ತಾವೇ ತೊಳೆದು ನೆಟ್ಟರು.

ಎರಡು ತಿಂಗಳ ಮೇಲೆ ಚಿಗುರು ಬಂತು. ಮೊನ್ನೆ ಹೆಂಡತಿ ಮತ್ತೆ ಮೈಸೂರಿಗೆ ಹೊರಟಾಗ ಕುಂಡವನ್ನು ಮಹಡಿ ಮನೆಯ ಮೇಡಂಗೆ ಒಪ್ಪಿಸಿದಳು. ಅಷ್ಟಕ್ಕೇ ಬಿಡಲಿಲ್ಲ.

"ಹಾಗೇ ಇವರನ್ನೂ ಒಂಚೂರು ನೋಡ್ಕೊಳ್ಳಿ ಮೇಡಂ."