ಹನ್ನೆರಡು ನಿಮಿಷದ ಮೊಟ್ಟೆ

"ಇಪ್ಪತ್ತು ಮೊಟ್ಟೆ ತಾನೆ? ಬೇಯಿಸಿ, ಸುಲಿದು, ಒಂದು ಗೀರೂ ಇಲ್ಲದ ಹಾಗೆ ಡಬ್ಬಿಗೆ ಹಾಕಿ ಕೊಡ್ತೀನಿ. ನೀನು ಸುಮ್ನೆ ಕೂತ್ಕೋ!"

ಹೀಗೆಂದು ನಾನು ಘೋಷಿಸಿದ್ದು ಶನಿವಾರ ಬೆಳಿಗ್ಗೆ, ಅಡುಗೆಮನೆಯ ಬಾಗಿಲಲ್ಲಿ ಎದೆಯುಬ್ಬಿಸಿ ನಿಂತು. ನನ್ನವಳು ಶಾಲೆಯ ಟೀಚರು. ತರಗತಿಯ ಬೆಂಚು ಎಳೆಯಲು ಹೋಗಿ ಬಲಗೈ ಉಳುಕಿಸಿಕೊಂಡು ಬ್ಯಾಂಡೇಜು ಸುತ್ತಿಕೊಂಡಿದ್ದಳು. ಅಂದು ಮಧ್ಯಾಹ್ನವೇ ಹೆಡ್‌ಮೇಡಂಗೆ ಬೀಳ್ಕೊಡುಗೆ ಊಟ. ಟೀಚರುಗಳೆಲ್ಲ ಒಂದೊಂದು ತಿನಿಸು ಹಂಚಿಕೊಂಡಿದ್ದರು, ಇವಳ ಪಾಲಿಗೆ ಬೇಯಿಸಿದ ಮೊಟ್ಟೆ. ಕೆಲಸಕ್ಕೆ ಸೇರಿದ ದಿನದಿಂದ ಕೈಹಿಡಿದು ಕಲಿಸಿದ ಆ ಹೆಂಗಸಿನ ಎದುರು ಬರಿಗೈಯಲ್ಲಿ ಹೇಗೆ ಹೋಗುವುದೆಂದು ಇವಳಿಗೆ ಅಳುವೇ ಬಂದಿತ್ತು. ಅದನ್ನು ನೋಡಿಕೊಂಡು ಸುಮ್ಮನಿರಲು ನನ್ನಿಂದಾಗಲಿಲ್ಲ.

ಮೇಲಾಗಿ ನಾನೇನು ಸಾಮಾನ್ಯನೇ? ಗಡಿಯಾರ ರಿಪೇರಿಯವನು! ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಕೂದಲೆಳೆಯಂಥ ಸ್ಪ್ರಿಂಗನ್ನು ಉಸಿರು ಬಿಗಿಹಿಡಿದು ಕೂರಿಸುವ ಈ ಕೈಗಳಿಗೆ ಮೊಟ್ಟೆ ಯಾವ ಮಹಾ!

ಕೋಳಿ ಸಾಕುವವನ ಮನೆಗೇ ಹೋಗಿ, ಇನ್ನೂ ಬೆಚ್ಚಗಿದ್ದ ಮೊಟ್ಟೆಗಳನ್ನು ಆರಿಸಿ ತಂದು ಬೇಯಿಸಿದೆ. ಸುಲಿಯಲು ಕೂತರೆ, ಸಿಪ್ಪೆಯ ಜೊತೆ ಬಿಳಿಯೂ ಎದ್ದು ಬರಬೇಕೆ! ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಚಿಮಟ ಹಿಡಿದೆ. ಅರ್ಧ ಗಂಟೆಯ ಶಸ್ತ್ರಚಿಕಿತ್ಸೆ ಮುಗಿಯುವಷ್ಟರಲ್ಲಿ ಮೊಟ್ಟೆ ಗೋಲಿಯಷ್ಟಾಗಿತ್ತು.

"ಇದನ್ನ ಇಲಿ ಕಡೀತಾ?" ಎಂದಳು ಇವಳು.

"ಈಗಷ್ಟೇ ಇಟ್ಟ ಮೊಟ್ಟೆ ಕಣೇ! ಇದಕ್ಕಿಂತ ತಾಜಾ ಎಲ್ಲಿ ಸಿಗುತ್ತೆ?"

"ಅದೇ ತಪ್ಪು ರೀ. ತಾಜಾ ಮೊಟ್ಟೆ ಸಿಪ್ಪೆ ಬಿಡಲ್ಲ. ವಾರ ಕಳೆದಿರೋದು ಬೇಕು."

"ಮೊದಲೇ ಹೇಳೋಕೇನಾಗಿತ್ತು?"

"ನೀವು ಕೇಳಿದ್ರಾ?"

ದಿನಸಿ ಅಂಗಡಿಗೆ ಓಡಿದೆ. "ಹಳೇ ಮೊಟ್ಟೆ ಇದೆಯಾ?" ಎಂದು ಕೂಗಿದೆ. ಅಂಗಡಿಯವನ ಮುಖ ಕೆಂಪಾಯಿತು. "ಸಾರ್, ನಮ್ಮಲ್ಲಿ ಹಳೇ ಮಾಲು ಮಾರಲ್ಲ!"

"ಅಯ್ಯೋ, ಹಳೇದೇ ಬೇಕಪ್ಪಾ, ಇಪ್ಪತ್ತು!"

ಪಕ್ಕದಲ್ಲಿದ್ದ ಅಜ್ಜ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಪಿಸುದನಿಯಲ್ಲಿ ಕೇಳಿದರು: "ಇವತ್ತು ಯಾರ ಭಾಷಣ ಇದೆ? ನಾನೂ ಬರ್ಲಾ?"

ಅಜ್ಜನಿಗೆ ನಿರಾಸೆ ಮಾಡಿ, ಒಂದು ವಾರದ ಮೊಟ್ಟೆ ಹಿಡಿದು ಮನೆ ಸೇರಿದೆ. "ಕುದಿಯೋ ನೀರಿಗೆ ಮೆಲ್ಲಗೆ ಬಿಡಿ. ಹನ್ನೆರಡು ನಿಮಿಷ ಬಿಟ್ಟು ತಣ್ಣೀರಿಗೆ ಹಾಕಿ" ಎಂದು ಹೇಳಿ ಇವಳು ಸೀರೆ ಉಡಲು ಹೋದಳು. ನಿಮಿಷದ ಮಾತು ನನಗೇ ಹೇಳಬೇಕೆ! ನನ್ನ ಅಂಗಡಿಯಿಂದ ಒಂದು ಗಡಿಯಾರ ತಂದು ಒಲೆಯ ಪಕ್ಕ ಇಟ್ಟೆ. ಸರಿಯಾಗಿ ಹನ್ನೆರಡನೇ ನಿಮಿಷಕ್ಕೆ ಇಳಿಸಿದೆ, ತಣ್ಣೀರಿಗೆ ಹಾಕಿದೆ, ಒಂದನ್ನು ತೆಗೆದು ಟಪ್ಪೆಂದು ಒಡೆದೆ. ಹಳದಿ ಸೊರ್ರನೆ ಅಂಗಿಯ ಮೇಲೆ ಹರಿಯಿತು!

ಇವಳು ಓಡಿ ಬಂದು ಗಡಿಯಾರ ಎತ್ತಿ ನೋಡಿದಳು. ಅದರ ಬೆನ್ನಿಗೆ ಒಂದು ಚೀಟಿ. ನನ್ನದೇ ಕೈಬರಹ. "ದೂರು: ಒಂದು ಗಂಟೆಯಲ್ಲಿ ಎರಡು ಗಂಟೆ ಓಡುತ್ತದೆ."

ದೀಪದ ಬುಡದಲ್ಲಿ ಕತ್ತಲು ಎಂಬ ಗಾದೆಯನ್ನು ಇವಳು ಬಾಯಿಬಿಟ್ಟು ಹೇಳಲಿಲ್ಲ, ಅದು ಅವಳ ದೊಡ್ಡತನ. ಉಳಿದ ಹತ್ತೊಂಬತ್ತನ್ನೂ ಮತ್ತೆ ಕುದಿಯಲು ಹಾಕಿ, ಸೊಂಟಕ್ಕೆ ಎಡಗೈ ಕೊಟ್ಟು ನಿಂತು ಎರಡರಿಂದ ಇಪ್ಪತ್ತರವರೆಗೆ ಮಗ್ಗಿ ಹೇಳಿದಳು. ಮಗ್ಗಿ ಮುಗಿಯಿತು, ಮೊಟ್ಟೆ ಬೆಂದಿತ್ತು! ಆಮೇಲೆ ಅದೇ ಎಡಗೈಯಲ್ಲಿ ಒಂದೊಂದನ್ನೇ ತಟ್ಟೆಯ ಮೇಲೆ ಉರುಳಿಸಿ ಒತ್ತಿದರೆ, ಸಿಪ್ಪೆ ಅಂಗಿ ಕಳಚಿದಂತೆ ಬಿಟ್ಟಿತು. ಎರಡು ಕೈ ನೆಟ್ಟಗಿದ್ದ ನಾನು ತಟ್ಟೆ ಅಲ್ಲಾಡದಂತೆ ಹಿಡಿದುಕೊಂಡಿದ್ದೆ.

ಸಂಜೆ ಇವಳು ಖಾಲಿ ಡಬ್ಬಿಯೊಂದಿಗೆ ನಗುತ್ತಾ ಬಂದಳು. "ಎಲ್ಲರೂ ಹೊಗಳಿದ್ದೇ ಹೊಗಳಿದ್ದು! ಯಾರು ಮಾಡಿದ್ದು ಅಂದ್ರು. ನಮ್ಮ ಯಜಮಾನ್ರು ಅಂದೆ."

ಡಬ್ಬಿ ಇಸಿದುಕೊಂಡು ಮತ್ತೆ ಎದೆಯುಬ್ಬಿಸಿದೆ. ಇಂಥ ಹೆಂಡತಿ ಯಾರಿಗುಂಟು ಯಾರಿಗಿಲ್ಲ! "ಹೆಡ್‌ಮೇಡಂ ಏನಂದ್ರು?"

"'ಓಹೋ, ಅವರೀಗ ಅಡುಗೆಗೆ ನಿಂತಿದ್ದಾರಾ! ಅದಕ್ಕೇ ನನ್ನ ಕೈಗಡಿಯಾರ ನಾಲ್ಕು ತಿಂಗಳಾದ್ರೂ ವಾಪಸ್ ಬಂದಿಲ್ಲ' ಅಂದ್ರು."